ಸೆಟ್ಟಿಂಗ್ಸ್ ತೆರೆಯುತ್ತಿಲ್ಲವೇ? ಫಾರ್ಮ್ಯಾಟ್‌ಗೆ ಮೊದಲು ನೋಡಬೇಕಾದ ದಾರಿಗಳು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಹಾಸನ, ಚಿಕ್ಕಮಗಳೂರು ಕಡೆಯ ತೋಟದ ಆಫೀಸು, ಜೆರಾಕ್ಸ್ ಅಂಗಡಿಗಳ ಹಳೆಯ ಕಂಪ್ಯೂಟರುಗಳನ್ನೂ 11ಕ್ಕೆ ಏರಿಸುತ್ತಿದ್ದಾರೆ. ಏರಿಸಿದ ಮೇಲೆ ಕೆಲವದರಲ್ಲಿ ಸೆಟ್ಟಿಂಗ್ಸ್ ಒತ್ತಿದರೆ ಗೇರಿನ ಚಿತ್ರ ಮಾತ್ರ ಬಂದು ಕಿಟಕಿ ಹಾಗೇ ನಿಂತುಬಿಡುತ್ತದೆ. ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಫಾರ್ಮ್ಯಾಟ್ ಹೊಡೀಬೇಕು’. ಬಹಳ ಸಲ ಅಷ್ಟು ದೂರ ಹೋಗಬೇಕಾಗಿಲ್ಲ.

ಮೊದಲು ದೋಷ ಎಲ್ಲಿದೆ ಎಂದು ನೋಡಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ‘ನೆಟ್ ಯೂಸರ್ ಟೆಸ್ಟ್ ಸ್ಲ್ಯಾಶ್ ಆ್ಯಡ್’ (net user test /add) ಎಂದು ಕೊಟ್ಟರೆ ಪಾಸ್‌ವರ್ಡ್ ಇಲ್ಲದ ಹೊಸ ಖಾತೆ ಬರುತ್ತದೆ. ಅದರಲ್ಲಿ ಲಾಗಿನ್ ಆಗಿ. ಅಲ್ಲಿ ಸೆಟ್ಟಿಂಗ್ಸ್ ಸರಿಯಾಗಿ ತೆರೆದರೆ ವಿಂಡೋಸ್ ಗಟ್ಟಿಯಾಗಿದೆ, ಕೆಟ್ಟಿರುವುದು ನಿಮ್ಮ ಹಳೆಯ ಖಾತೆಯ ಪ್ರೊಫೈಲ್. ಅಲ್ಲೂ ನಿಂತರೆ ಸಿಸ್ಟಮ್ ಫೈಲುಗಳ ಮೇಲೆ ಅನುಮಾನ. ಎರಡು ನಿಮಿಷದ ಈ ಪರೀಕ್ಷೆ ಮಾಡದೆ ರಿಪೇರಿಗೆ ಕೂತವರು ಅರ್ಧ ದಿನ ಕಳೆಯುತ್ತಾರೆ.

ಪ್ರೊಫೈಲಿನದೇ ತೊಂದರೆಯಾದರೆ ಸೆಟ್ಟಿಂಗ್ಸ್ ಆ್ಯಪ್ ರೀಸೆಟ್ ಸಾಕಾಗಬಹುದು. ಸ್ಟಾರ್ಟ್‌ನಲ್ಲಿ ಸೆಟ್ಟಿಂಗ್ಸ್ ಹುಡುಕಿ, ಬಲಗುಂಡಿ ಒತ್ತಿ, ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ರೀಸೆಟ್. ತಮಾಷೆ ಎಂದರೆ ಆ ಪುಟ ಇರುವುದೂ ಸೆಟ್ಟಿಂಗ್ಸ್ ಒಳಗೇ. ಅದೂ ತೆರೆಯದಿದ್ದರೆ ಪಾಸ್‌ವರ್ಡ್ ಇರುವ ಇನ್ನೊಂದು ಹೊಸ ಖಾತೆ ಮಾಡಿ, ಅದಕ್ಕೆ ಅಡ್ಮಿನ್ ಅಧಿಕಾರ ಕೊಟ್ಟು ಫೈಲುಗಳನ್ನು ಅಲ್ಲಿಗೆ ಸರಿಸುವುದೇ ನೆಮ್ಮದಿ.

ಸಿಸ್ಟಮ್ ಫೈಲಿನ ತೊಂದರೆಗೆ ಕೆಟ್ಟ ಫೈಲು ಹುಡುಕಿ ಸರಿಪಡಿಸುವ ಕಮಾಂಡ್ ‘ಎಸ್‌ಎಫ್‌ಸಿ ಸ್ಕ್ಯಾನ್‌ನೌ’ (sfc /scannow) ಒಂದನ್ನೇ ಓಡಿಸುವವರು ಹೆಚ್ಚು. ಆದರೆ ಎಸ್‌ಎಫ್‌ಸಿ ಸರಿಯಾದ ಫೈಲನ್ನು ತರುವುದು ವಿಂಡೋಸ್ ತನ್ನ ಫೈಲುಗಳ ಪ್ರತಿ ಇಟ್ಟುಕೊಳ್ಳುವ, ಕಂಪ್ಯೂಟರಿನೊಳಗಿನ ಕಾಂಪೊನೆಂಟ್ ಸ್ಟೋರ್‌ನಿಂದ. ಆ ಸ್ಟೋರೇ ಕೆಟ್ಟಿದ್ದರೆ ‘ಕೆಲವು ಫೈಲು ಸರಿಪಡಿಸಲಾಗಲಿಲ್ಲ’ ಎಂದು ಕೈ ಎತ್ತುತ್ತದೆ. ಹಾಗಾಗಿ ಮೊದಲು ಆ ಸ್ಟೋರನ್ನೇ ಸರಿಪಡಿಸುವ ‘ಡಿಸ್ಮ್’ (DISM) ಕಮಾಂಡಿನ ರಿಸ್ಟೋರ್ ಹೆಲ್ತ್, ಆಮೇಲೆ ಎಸ್‌ಎಫ್‌ಸಿ. ಡಿಸ್ಮ್ 62.3 ಶೇಕಡದಲ್ಲಿ ಬಹಳ ಹೊತ್ತು ನಿಲ್ಲುವುದುಂಟು, ಕಿಟಕಿ ಮುಚ್ಚಬೇಡಿ. ಅದು ಸರಿ ಫೈಲುಗಳನ್ನು ವಿಂಡೋಸ್ ಅಪ್‌ಡೇಟಿನಿಂದ ಎಳೆಯುತ್ತದೆ, ಆದ್ದರಿಂದ ಸಕಲೇಶಪುರ, ಮೂಡಿಗೆರೆ ಒಳಗಿನ ತೋಟದಲ್ಲಿ ಹಾಟ್‌ಸ್ಪಾಟ್ ನಂಬಿ ಕೂರುವುದು ಬೇಡ. ಅದೇ ಆವೃತ್ತಿಯ ಐಎಸ್‌ಒ ಫೈಲನ್ನು (ಇಡೀ ವಿಂಡೋಸ್ ಇನ್‌ಸ್ಟಾಲ್ ಡಿಸ್ಕಿನ ಪ್ರತಿ) ಪಟ್ಟಣದಲ್ಲಿ ಇಳಿಸಿಕೊಂಡು ಬಂದು ಡಿಸ್ಮ್‌ಗೆ ಸೋರ್ಸ್ ಆಗಿ ಕೊಡಿ.

ಐಎಸ್‌ಒ ಕೈಯಲ್ಲಿದ್ದ ಮೇಲೆ ನನ್ನ ಒಲವು ಇನ್‌ಪ್ಲೇಸ್ ರಿಪೇರಿಗೇ, ಅಂದರೆ ಫೈಲು, ಆ್ಯಪ್ ಉಳಿಸಿಕೊಂಡೇ ವಿಂಡೋಸನ್ನು ಅದರ ಮೇಲೇ ಮತ್ತೆ ಹಾಕುವುದಕ್ಕೆ. ಐಎಸ್‌ಒ ಮೇಲೆ ಡಬಲ್ ಕ್ಲಿಕ್ ಮಾಡಿ, ವಿಂಡೋಸ್ ಒಳಗಿಂದಲೇ ಸೆಟಪ್ ಓಡಿಸಿ, ‘ಫೈಲು ಮತ್ತು ಆ್ಯಪ್ ಉಳಿಸಿಕೊಳ್ಳಿ’ ಆರಿಸಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಈ ಆಯ್ಕೆ ಸಿಗುವುದಿಲ್ಲ, ತಪ್ಪುವುದು ಇಲ್ಲೇ. ಆಯ್ಕೆ ಮಸುಕಾಗಿದ್ದರೆ ಐಎಸ್‌ಒ ಭಾಷೆ ನೋಡಿ: ಯುನೈಟೆಡ್ ಸ್ಟೇಟ್ಸ್ ಇಂಗ್ಲಿಷ್ ಹಾಕಿದ ಯಂತ್ರಕ್ಕೆ ಇಂಟರ್‌ನ್ಯಾಷನಲ್ ಇಂಗ್ಲಿಷ್ ಐಎಸ್‌ಒ ಹೊಂದುವುದಿಲ್ಲ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಂಡು ಅದನ್ನು ಸಸ್ಪೆಂಡ್ ಮಾಡಿ. ಮಳೆಗಾಲದಲ್ಲಿ ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ; ನಡುವೆ ಕರೆಂಟು ಹೋದರೆ ಸೆಟ್ಟಿಂಗ್ಸ್ ಅಲ್ಲ, ವಿಂಡೋಸೇ ಏಳದಿರಬಹುದು.

ಹಳೆಯ 10ಕ್ಕೆ ಮರಳುವುದೂ ಒಂದು ದಾರಿ, ಏರಿಸಿದ 10 ದಿನದೊಳಗೆ ಮಾತ್ರ. ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ ರಿಕವರಿ ಪರದೆಯಿಂದ ಹೋಗಬಹುದು. ಜಾಗ ಬೇಕೆಂದು ಹಳೆಯ ವಿಂಡೋಸ್ ಉಳಿದಿರುವ ‘ವಿಂಡೋಸ್ ಓಲ್ಡ್’ ಫೋಲ್ಡರ್ ಅಳಿಸಿದ್ದರೆ ಆ ಬಾಗಿಲೂ ಮುಚ್ಚಿತು.

ಫಾರ್ಮ್ಯಾಟ್ ಕೊನೆಗೆ. ಅದಕ್ಕೇ ಇಳಿಯಬೇಕಾದರೆ ಟ್ಯಾಲಿ ಲೈಸೆನ್ಸನ್ನು ಮೊದಲೇ ಸರೆಂಡರ್ ಮಾಡಿ, ನುಡಿ ಫಾಂಟುಗಳನ್ನೂ ಪ್ರಿಂಟರ್ ಡ್ರೈವರನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಯಾವ ದಾರಿಯಲ್ಲಿ ಸರಿಹೋದರೂ ಆ ಪಾಸ್‌ವರ್ಡ್ ಇಲ್ಲದ ಟೆಸ್ಟ್ ಖಾತೆಯನ್ನು ಅಳಿಸಲು ಮರೆಯಬೇಡಿ.