14 ತಿಂಗಳು ಕೊಲಾಜೆನ್ ಪುಡಿ ಕುಡಿದೆ, ಈಗ ಮೊಟ್ಟೆಗೆ ವಾಪಸ್

ಮೊದಲು ತೀರ್ಪು, ಆಮೇಲೆ ಕಥೆ. ಐದಕ್ಕೆ ಎರಡು ಸ್ಟಾರ್. ಒಂದು ಉಗುರಿಗೆ, ಇನ್ನೊಂದು ಆ ಪುಡಿ ಕಾಫಿಯಲ್ಲಿ ಗಂಟಿಲ್ಲದೆ ಕರಗಿದ್ದಕ್ಕೆ. ಪುಡಿ ನೇರವಾಗಿ ನನಗೆ ಏನೂ ಕೆಡುಕು ಮಾಡಲಿಲ್ಲ. ಅದನ್ನು ನಂಬಿ ಬೆಳಗಿನ ತಿಂಡಿಯಲ್ಲಿ ನಾನೇ ಮಾಡಿಕೊಂಡ ಎಡವಟ್ಟಿಗೆ ಕೂದಲು ದಂಡ ಕಟ್ಟಿತು. ಅದನ್ನು ಮುಂದೆ ಹೇಳುತ್ತೇನೆ.

ಶುರು ಮಾಡಿದಾಗ ನನಗೆ 42. ಮೆಟ್ಟಿಲು ಇಳಿಯುವಾಗ ಎಡ ಮಂಡಿ ಲಟಕ್ ಅನ್ನುತ್ತಿತ್ತು, ಕಣ್ಣಿನ ಕೆಳಗೆ ಗೆರೆ ಬಂದಿತ್ತು, ಉಗುರು ಪದರ ಪದರವಾಗಿ ಸೀಳುತ್ತಿತ್ತು. ಅದೇ ಹೊತ್ತಿಗೆ ಚರ್ಮದ ಕೊಲಾಜೆನ್ (ಚರ್ಮ, ಕೀಲುಗಳನ್ನು ಗಟ್ಟಿಯಾಗಿ ಹಿಡಿದಿಡುವ ಪ್ರೋಟೀನ್) ವರ್ಷಕ್ಕೆ ಸುಮಾರು ಶೇ. 1ರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ, ಹೆಂಗಸರಿಗೆ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಸುಮಾರು ಶೇ. 30ರಷ್ಟು ಹೋಗಿಬಿಡುತ್ತದೆ ಅಂತ ಓದಿದೆ. ಕೂತಲ್ಲೇ ಲೆಕ್ಕ ಹಾಕಿ ಹೆದರಿದೆ. ಹೆದರಿದವರು ಡಬ್ಬ ಕೊಳ್ಳುತ್ತಾರೆ. ನಾನೂ ಕೊಂಡೆ.

ಮೊದಲ ಮೂರು ತಿಂಗಳು ಮೀನಿನ ಚರ್ಮದಿಂದ ಮಾಡಿದ ಪುಡಿ. ವಾಸನೆಯಿಲ್ಲ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿತ್ತು. ತಣ್ಣೀರಿನಲ್ಲಿ ನಿಜಕ್ಕೂ ಇರಲಿಲ್ಲ. ಬಿಸಿ ಕಾಫಿಗೆ ಹಾಕಿ ಲೋಟವನ್ನು ಮುಖದ ಹತ್ತಿರ ತಂದಾಗ ಮಾತ್ರ, ಉಗಿಯ ಜೊತೆ ತೊಳೆಯದ ಮೀನಿನ ಪಾತ್ರೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮೇಲೆ ಲೋಟದ ಅಂಚಿಗೆ ಅಂಟಿಕೊಂಡ ಬಿಳಿ ನೊರೆ ಬೇರೆ. ನಾಲ್ಕನೇ ತಿಂಗಳಿಂದ ದನದ ಚರ್ಮದ ಪುಡಿಗೆ ಬದಲಾಯಿಸಿದೆ, ದಿನಕ್ಕೆ 10 ಗ್ರಾಂ. ಇದು ಪರವಾಗಿಲ್ಲ. ಚರ್ಮ, ಮೂಳೆ ಕುದಿಸಿದರೆ ಸಿಗುವ ಅಂಟು, ಅಂದರೆ ಜೆಲಾಟಿನ್ನನ್ನೇ ಇನ್ನೂ ಸಣ್ಣ ಸಣ್ಣ ತುಂಡು ಮಾಡಿದರೆ ಸಿಗುವುದು ಈ ಪುಡಿ. ತುಂಡು ಅಷ್ಟು ಚಿಕ್ಕದಾದ್ದರಿಂದ ತಣ್ಣಗಾದರೂ ಗಟ್ಟಿಯಾಗುವುದಿಲ್ಲ, ಬೇಗ ಕರಗುತ್ತದೆ. ಮಧ್ಯೆ ಎರಡು ತಿಂಗಳು ಪುಡಿಯ ಜೊತೆಗೆ ಗಮ್ಮಿ (ಜಗಿದು ತಿನ್ನುವ ಜೆಲ್ಲಿ ಮಿಠಾಯಿಯಂಥದ್ದು) ಕೂಡ ತಿಂದೆ. ಹಿಂದೆ ತಿರುಗಿಸಿ ಓದಿದರೆ ಎರಡು ಗಮ್ಮಿಗೆ ಕೊಲಾಜೆನ್ 200 ಮಿಲಿಗ್ರಾಂ. ಅಂದರೆ ನನ್ನ 10 ಗ್ರಾಂ ಬರಬೇಕಾದರೆ ದಿನಕ್ಕೆ 100 ಗಮ್ಮಿ ತಿನ್ನಬೇಕಿತ್ತು. ಅದು ಸಕ್ಕರೆ ಮಿಠಾಯಿ, ಅಷ್ಟೇ.

ಈಗ ಹೊಟ್ಟೆಯೊಳಗಿನ ವಿಷಯ. ನಾನು ತುಂಬಾ ದಿನ ಅಂದುಕೊಂಡಿದ್ದು ಏನೆಂದರೆ, ಕುಡಿದ ಕೊಲಾಜೆನ್ ಸೀದಾ ಹೋಗಿ ಕೆನ್ನೆಯಲ್ಲಿ ಕೂರುತ್ತದೆ ಅಂತ. ಗೋಡೆ ಬಿರುಕಿಗೆ ಸಿಮೆಂಟ್ ಮೆತ್ತಿದ ಹಾಗೆ. ಹಾಗಿಲ್ಲ. ಕೊಲಾಜೆನ್ ಅಂದರೆ ಮೂರು ಎಳೆ ಹೊಸೆದ ಹಗ್ಗ. (ಆ ಮೂರೆಳೆಯ ರೂಪವನ್ನು 1950ರ ದಶಕದಲ್ಲಿ ಮದ್ರಾಸಿನಲ್ಲಿ ಕೂತು ತೋರಿಸಿಕೊಟ್ಟವರು ವಿಜ್ಞಾನಿಗಳಾದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಡಬ್ಬದ ಮೇಲೆ ಹೊಳೆಯುವ ಮುಖದ ಬದಲು ಅವರ ಹೆಸರಾದರೂ ಹಾಕಬಹುದಿತ್ತು.) ಹೊಟ್ಟೆಗೆ ಹೋದ ಮೇಲೆ ಈ ಹಗ್ಗ ಬಿಚ್ಚಿಕೊಂಡು ಅಮಿನೊ ಆಸಿಡ್‌ಗಳಾಗುತ್ತದೆ (ಪ್ರೋಟೀನ್ ಅನ್ನುವ ಸರದ ಬಿಡಿ ಮಣಿಗಳು), ಸ್ವಲ್ಪ ಭಾಗ ಎರಡು ಮೂರು ಮಣಿ ಸೇರಿದ ಚೂರುಗಳಾಗಿಯೇ ರಕ್ತಕ್ಕೆ ಹೋಗುತ್ತದೆ. ಆ ಚೂರುಗಳು ಚರ್ಮದ ಕೋಶಗಳಿಗೆ 'ಕೆಲಸ ಶುರು ಮಾಡಿ' ಅಂತ ಸೂಚನೆ ಕೊಡುತ್ತವೆ ಅನ್ನುವುದು ಕಂಪನಿಗಳ ವಾದ. ಪೂರ್ತಿ ಬುರುಡೆಯಲ್ಲ. ಆ ಚೂರುಗಳು ರಕ್ತದಲ್ಲಿ ಸಿಗುವುದಂತೂ ನಿಜ. ಆದರೆ ಮಿಕ್ಕ ಅಮಿನೊ ಆಸಿಡ್‌ಗಳಿಗೆ ತಾವು ಡಬ್ಬದಿಂದ ಬಂದೆವೋ ಬೇಳೆಯಿಂದ ಬಂದೆವೋ ಅನ್ನುವ ನೆನಪಿರುವುದಿಲ್ಲ. ದೇಹಕ್ಕೆ ಎಲ್ಲಿ ಬೇಕೋ ಅಲ್ಲಿಗೆ ಹೋಗುತ್ತವೆ.

ಮುಖದ ಬಗ್ಗೆ. ನಾನು ಪ್ರತಿ ತಿಂಗಳ 1ನೇ ತಾರೀಕು ಒಂದೇ ಕಿಟಕಿಯ ಹತ್ತಿರ, ಬೆಳಿಗ್ಗೆ ಎಂಟಕ್ಕೆ, ಮುಖ ತೊಳೆದು ಎಡಗೆನ್ನೆಯ ಫೋಟೊ ತೆಗೆಯುತ್ತಿದ್ದೆ. ಆರನೇ ತಿಂಗಳಿಗೆ ನನಗಂತೂ ಖಾತ್ರಿ, ಚರ್ಮ ತುಂಬಿಕೊಂಡಿದೆ ಅಂತ. ಇಬ್ಬರು ಸ್ನೇಹಿತರಿಗೆ ಶಿಫಾರಸು ಕೂಡ ಮಾಡಿಬಿಟ್ಟೆ. ಪುಡಿ ಬಿಟ್ಟು ನಾಲ್ಕು ತಿಂಗಳಾದ ಮೇಲೆ ಆರು ಫೋಟೊ ಆರಿಸಿ, ತಾರೀಕು ಅಳಿಸಿ ತಂಗಿಗೆ ಕೊಟ್ಟೆ: ಒಂದು ಶುರುವಿಗೂ ಮೊದಲಿನದು, ನಾಲ್ಕು ಕುಡಿಯುತ್ತಿದ್ದಾಗಿನವು, ಒಂದು ಬಿಟ್ಟ ಮೇಲಿನದು. ಚೆನ್ನಾಗಿರುವುದರಿಂದ ಕೆಟ್ಟದರ ತನಕ ಸಾಲಾಗಿ ಜೋಡಿಸು ಅಂದೆ. ಅವಳು ಊಟದ ಮೇಜಿನ ಮೇಲೆ ಹರಡಿಕೊಂಡು ಹತ್ತು ನಿಮಿಷ ಅತ್ತ ಇತ್ತ ಸರಿಸಿದಳು. ಕೊನೆಗೆ ಮೊದಲ ಜಾಗದಲ್ಲಿಟ್ಟಿದ್ದು, ನಾನು ಒಂದು ಚಮಚವನ್ನೂ ಕುಡಿಯದ ದಿನದ ಫೋಟೊ. ಅವತ್ತು ಮೋಡ ಇತ್ತು, ಬೆಳಕು ಮೆತ್ತಗಿತ್ತು. 14ನೇ ತಿಂಗಳಿನದನ್ನು ಐದನೇ ಜಾಗಕ್ಕೆ ತಳ್ಳಿದಳು, "ಇಲ್ಲಿ ನಿದ್ದೆ ಮಾಡಿಲ್ಲ ಅಲ್ವಾ?" ಅಂದಳು. ಮಾಡಿರಲಿಲ್ಲ.

ಮಂಡಿಯ ಕಥೆಯೂ ಹೀಗೇ ಗೋಜಲು. ಐದನೇ ತಿಂಗಳಿಂದ ನೋವು ಕಡಿಮೆಯಾಗಿದ್ದು ನಿಜ. ಆದರೆ ಐದನೇ ತಿಂಗಳಿಂದಲೇ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಶುರು ಮಾಡಿದ್ದೆ, ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಒರಗಿ ಕೂರುವುದು, ಅಂಥವು. ಯಾವುದಕ್ಕೆ ಹೊಗಳಿಕೆ ಕೊಡುವುದು? ಉತ್ತರ ತಾನಾಗಿಯೇ ಬಂತು. ಜ್ವರ ಬಂದು ಮೂರು ವಾರ ವ್ಯಾಯಾಮ ನಿಂತಿತು, ಪುಡಿ ನಿಲ್ಲಿಸಿರಲಿಲ್ಲ, ಮಂಡಿ ಮತ್ತೆ ಲಟಕ್. ಆಮೇಲೆ ಪುಡಿ ನಿಂತಿತು, ವ್ಯಾಯಾಮ ನಿಲ್ಲಿಸಲಿಲ್ಲ, ಮಂಡಿ ಸುಮ್ಮನಿದೆ. ಕೀಲಿನ ಮೃದ್ವಸ್ಥಿಯ (ಮೂಳೆ ತುದಿಯ ಮೆತ್ತೆಯ) ಕೊಲಾಜೆನ್ ಎಷ್ಟು ನಿಧಾನಕ್ಕೆ ಬದಲಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. 2000ದಲ್ಲಿ ಬಂದ ಒಂದು ಅಧ್ಯಯನದ ಅಂದಾಜಿನ ಪ್ರಕಾರ ಅದರ ಅರ್ಧ ಭಾಗ ಬದಲಾಗಲು 117 ವರ್ಷ ಬೇಕು, ಚರ್ಮದ್ದಕ್ಕೆ ಸುಮಾರು 15 ವರ್ಷ. ನಾನು ಆರು ವಾರಕ್ಕೆ ಕನ್ನಡಿ ನೋಡಿಕೊಳ್ಳುತ್ತಿದ್ದೆ.

ಉಗುರು ಮಾತ್ರ ಚೆನ್ನಾಯಿತು. ಐದನೇ ತಿಂಗಳಿಗೆ ಸೀಳುವುದು ನಿಂತಿತು, ಪುಡಿ ಬಿಟ್ಟು ಮೂರು ತಿಂಗಳಿಗೆ ಮತ್ತೆ ಶುರುವಾಯಿತು. ಉಗುರು ಕೊಲಾಜೆನ್ನಿನಿಂದ ಆದದ್ದೇ ಅಲ್ಲ, ಕೆರಾಟಿನ್ ಅನ್ನುವ ಬೇರೆ ಪ್ರೋಟೀನಿನಿಂದ ಆದದ್ದು, ಕೂದಲೂ ಅಷ್ಟೇ. ಆದರೂ ಆ ಅಂಕ ಪುಡಿಗೆ ಕೊಡುತ್ತೇನೆ.

ಇನ್ನು ಎಡವಟ್ಟು. ಡಬ್ಬದ ಹಿಂದೆ ಪ್ರೋಟೀನ್ 9 ಗ್ರಾಂ ಅಂತ ಇತ್ತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ನನ್ನ ಜಾಣತನ ನೋಡಿ: ಒಂದೂವರೆ ಮೊಟ್ಟೆಯಷ್ಟು ಪ್ರೋಟೀನ್ ಕಾಫಿಯಲ್ಲೇ ಬಂತಲ್ಲ, ಇನ್ನು ತಿಂಡಿ ಯಾಕೆ? ನಾಲ್ಕನೇ ತಿಂಗಳಿಂದ ಬೆಳಿಗ್ಗೆ ಕಾಫಿ, ಪುಡಿ, ಅರ್ಧ ಬಾಳೆಹಣ್ಣು. ತೂಕ ಸ್ವಲ್ಪ ಇಳಿಯಿತು, ಖುಷಿಯಾಯಿತು. ಏಳನೇ ತಿಂಗಳಿಗೆ ಸ್ನಾನದ ಮನೆಯ ಜಾಲರಿಯಲ್ಲಿ ಕೂದಲು ಉಂಡೆ ಉಂಡೆಯಾಗಿ ಸಿಗತೊಡಗಿತು. ಆಗ ನಾನು ಏನು ಮಾಡಿದೆ ಹೇಳಿ? ಕೂದಲಿಗೆ ಒಳ್ಳೆಯದು ಅಂತ ಗಮ್ಮಿ ಸೇರಿಸಿದೆ.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಶಾಂಪೂ ಬಗ್ಗೆ ಇರಲಿಲ್ಲ. "ನಿನ್ನೆ ಬೆಳಿಗ್ಗೆಯಿಂದ ರಾತ್ರಿ ತನಕ ಏನೇನು ತಿಂದಿರಿ?" ಅಂತ. ಹೇಳುತ್ತಾ ಹೋದೆ, ಅವರು ಚೀಟಿಯ ಮೂಲೆಯಲ್ಲಿ ಕೂಡುತ್ತಾ ಹೋದರು. ದೊಡ್ಡವರಿಗೆ ಕೆಜಿ ತೂಕಕ್ಕೆ 0.8 ಗ್ರಾಂ ಪ್ರೋಟೀನಾದರೂ ಬೇಕು, ನನ್ನ 60 ಕೆಜಿಗೆ 48 ಗ್ರಾಂ. ಕೂಡಿದಾಗ ಬಂದಿದ್ದು 35ರ ಆಸುಪಾಸು. ಅದರಲ್ಲಿ ಪುಡಿಯ 9ಕ್ಕೆ ಅವರು ಗೀಟು ಎಳೆದರು. ನಾವು ಊಟದಿಂದಲೇ ಪಡೆಯಬೇಕಾದ ಒಂಬತ್ತು ಅಮಿನೊ ಆಸಿಡ್‌ಗಳಿವೆ. ಅದರಲ್ಲಿ ಟ್ರಿಪ್ಟೊಫಾನ್ ಅನ್ನುವುದು ಕೊಲಾಜೆನ್ನಿನಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಪ್ರೋಟೀನಿನ ಗುಣಮಟ್ಟ ಅಳೆಯುವ ಲೆಕ್ಕದಲ್ಲಿ ಒಂಟಿ ಕೊಲಾಜೆನ್ನಿಗೆ ಸಿಗುವ ಅಂಕ ಸೊನ್ನೆ. ಸೊನ್ನೆ! ಮೊಟ್ಟೆ ತೆಗೆದು ಆ ಜಾಗಕ್ಕೆ ನಾನು ಇಟ್ಟಿದ್ದು ಅದನ್ನು. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದ ಸಂಗ್ರಹವೂ ತಳ ಕಂಡಿತ್ತು. ಊಟ ಕೆಟ್ಟ ಎರಡು ಮೂರು ತಿಂಗಳಿಗೆ ಕೂದಲು ಉದುರುವುದು ಮಾಮೂಲು ಅಂದರು, ಲೆಕ್ಕ ಸರಿಯಾಗಿ ಕೂತಿತು.

ಇನ್ನೊಂದು ವಿಷಯವನ್ನೂ ಅಲ್ಲೇ ಕಲಿತೆ, ಇದು ನಿಮಗೂ ಬೇಕಾಗಬಹುದು. ಗಮ್ಮಿಯಲ್ಲಿ ಬಯೋಟಿನ್ (ಒಂದು ಬಿ ವಿಟಮಿನ್) ತುಂಬಾ ಇತ್ತು. ದಿನಕ್ಕೆ 30 ಮೈಕ್ರೊಗ್ರಾಂ ಸಾಕಾಗುವ ಜಾಗದಲ್ಲಿ 5,000. ಅಷ್ಟು ಬಯೋಟಿನ್ ಮೈಯಲ್ಲಿದ್ದರೆ ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಪತ್ತೆಗೆ ಮಾಡುವ ಟ್ರೊಪೊನಿನ್ ಪರೀಕ್ಷೆ, ಇಂಥವು ತಪ್ಪು ಫಲಿತಾಂಶ ಕೊಡಬಹುದು. ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಗಮ್ಮಿ ನಿಲ್ಲಿಸಿ, ಕೆಲವು ದಿನ ಬಿಟ್ಟು ಥೈರಾಯ್ಡ್ ಪರೀಕ್ಷೆ ಮತ್ತೆ ಮಾಡಿಸಬೇಕಾಯಿತು. ಔಷಧಿ ಏನು ತಗೊಳ್ಳುತ್ತೀರಿ ಅಂತ ಕೇಳಿದಾಗ ಗಮ್ಮಿಯನ್ನು ಯಾರು ಹೇಳುತ್ತಾರೆ? ನಾನಂತೂ ಮೊದಲು ಹೇಳಿರಲಿಲ್ಲ.

ಸಂಶೋಧನೆ ಏನು ಹೇಳುತ್ತದೆ ಅಂತ ಹುಡುಕಿದ್ದು ಇದೆಲ್ಲ ಆದ ಮೇಲೆ. ಕೊಳ್ಳುವ ಮೊದಲು ಹುಡುಕಬೇಕಿತ್ತು, ಇರಲಿ. 2023ರಲ್ಲಿ 26 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ ಚರ್ಮದ ತೇವ, ಬಿಗಿ ಎರಡೂ ಸುಧಾರಿಸುತ್ತದೆ ಅಂದಿತು. 2025ರಲ್ಲಿ ಇನ್ನೊಂದು ತಂಡ 23 ಪ್ರಯೋಗಗಳನ್ನು, ಒಟ್ಟು 1,474 ಜನರ ಫಲಿತಾಂಶವನ್ನು, ಬೇರೆ ಥರ ವಿಂಗಡಿಸಿತು: ಕಂಪನಿ ದುಡ್ಡಿನಿಂದ ನಡೆದವು ಒಂದು ಕಡೆ, ಅಲ್ಲದವು ಇನ್ನೊಂದು ಕಡೆ. ಎಲ್ಲ ಸೇರಿಸಿದರೆ ಲಾಭ ಕಾಣುತ್ತದೆ. ಕಂಪನಿ ದುಡ್ಡಿಲ್ಲದವನ್ನು ಮಾತ್ರ ನೋಡಿದರೆ ತೇವವೂ ಇಲ್ಲ, ಬಿಗಿಯೂ ಇಲ್ಲ, ಸುಕ್ಕೂ ಹಾಗೇ. ಇದನ್ನು ಓದಿದಾಗ ತಂಗಿ ಮೇಜಿನ ಮೇಲೆ ಫೋಟೊ ಜೋಡಿಸಿದ್ದೇ ನೆನಪಾಯಿತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಕೂಡ ಕೊಲಾಜೆನ್ ಪುಡಿ ಕೀಲಿಗೆ ಒಳ್ಳೆಯದು ಅನ್ನುವ ಹೇಳಿಕೆಯನ್ನು 2011ರಲ್ಲಿ ಒಪ್ಪಲಿಲ್ಲ. ಆದರೆ ವಿಟಮಿನ್ ಸಿ ಕೊಲಾಜೆನ್ ತಯಾರಿಗೆ ನೆರವಾಗುತ್ತದೆ ಅನ್ನುವ ಮಾತಿಗೆ ಅಲ್ಲಿ ಒಪ್ಪಿಗೆ ಇದೆ.

ನನಗೆ ಇಷ್ಟವಾಗಿದ್ದು ಈ ವಿಟಮಿನ್ ಸಿ ಕಥೆ. ಮೂರೆಳೆಯ ಹಗ್ಗ ಗಟ್ಟಿಯಾಗಿ ನಿಲ್ಲಬೇಕಾದರೆ ಅದು ಬೇಕೇ ಬೇಕು. ಹಿಂದೆ ಹಡಗಿನ ನಾವಿಕರು ತಿಂಗಳುಗಟ್ಟಲೆ ಉಪ್ಪು ಹಾಕಿದ ಮಾಂಸ ತಿನ್ನುತ್ತಿದ್ದರು, ಪ್ರೋಟೀನಿಗೆ ಬರ ಇರಲಿಲ್ಲ. ಆದರೂ ಒಸಡು ರಕ್ತ ಸುರಿಸುತ್ತಿತ್ತು, ಎಂದೋ ವಾಸಿಯಾದ ಗಾಯ ಮತ್ತೆ ಬಾಯಿ ಬಿಡುತ್ತಿತ್ತು. 1747ರಲ್ಲಿ ಜೇಮ್ಸ್ ಲಿಂಡ್ ಅನ್ನುವ ಹಡಗಿನ ವೈದ್ಯ ಈ ಕಾಯಿಲೆಯ (ಸ್ಕರ್ವಿ, ವಿಟಮಿನ್ ಸಿ ಕೊರತೆಯಿಂದ ಬರುವುದು) 12 ರೋಗಿಗಳನ್ನು ಇಬ್ಬಿಬ್ಬರಂತೆ ಬೇರೆ ಮಾಡಿ ಬೇರೆ ಬೇರೆ ಮದ್ದು ಕೊಟ್ಟ. ಬೇಗ ಎದ್ದು ಕೂತವರು ಕಿತ್ತಳೆ, ನಿಂಬೆ ತಿಂದ ಇಬ್ಬರು. ಇಷ್ಟು ಹಳೆಯ ಪಾಠ. ನಾನು ಡಬ್ಬದ ಕೊಲಾಜೆನ್ ಕುಡಿಯುತ್ತಾ ಹಣ್ಣಿನ ಬುಟ್ಟಿ ಖಾಲಿ ಇಟ್ಟುಕೊಂಡಿದ್ದೆ. ಹೆಂಗಸರಿಗೆ ದಿನಕ್ಕೆ 75 ಮಿಲಿಗ್ರಾಂ ವಿಟಮಿನ್ ಸಿ ಸಾಕು, ಒಂದು ಸೀಬೆಹಣ್ಣಿನಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ.

ಈಗ ಬೆಳಿಗ್ಗೆ ಎರಡು ಮೊಟ್ಟೆ, ಒಂದು ಹಣ್ಣು. ಮಧ್ಯಾಹ್ನ ಬೇಳೆ ಅಥವಾ ಕಾಳು, ರಾತ್ರಿ ಮೊಸರು, ವಾರಕ್ಕೆರಡು ದಿನ ಮೀನು. ಬೇಯಿಸಿದ ಗಟ್ಟಿ ಬೇಳೆ ಒಂದು ದೊಡ್ಡ ಬಟ್ಟಲಿಗೆ 18 ಗ್ರಾಂ ಪ್ರೋಟೀನ್ ಹತ್ತಿರ ಹತ್ತಿರ. ಲೆಕ್ಕ 55 ದಾಟುತ್ತದೆ, ಸರ್ಕಸ್ ಏನೂ ಇಲ್ಲದೆ. ಕಬ್ಬಿಣದ ಮಾತ್ರೆ ಡಾಕ್ಟರ್ ಹೇಳಿದಷ್ಟು ದಿನ. ಕೂದಲು ಉದುರುವುದು ಹನ್ನೆರಡನೇ ತಿಂಗಳ ಹೊತ್ತಿಗೆ ನಿಂತಿತು, ಹಣೆಯ ಅಂಚಿನಲ್ಲಿ ಮೋಟು ಕೂದಲು ನೆಟ್ಟಗೆ ನಿಂತು ಬಾಚಣಿಗೆಗೆ ಬಗ್ಗುತ್ತಿರಲಿಲ್ಲ. ಪುಡಿಯನ್ನು ಆಮೇಲೂ ಎರಡು ತಿಂಗಳು ಕುಡಿದೆ. ಯಾಕೆ ಅಂದರೆ ಡಬ್ಬ ಮುಗಿದಿರಲಿಲ್ಲ, ಅಷ್ಟೇ. ಡಬ್ಬಕ್ಕೆ ಹೋಗುತ್ತಿದ್ದ ದುಡ್ಡಿನಲ್ಲಿ ಈಗ ಸನ್‌ಸ್ಕ್ರೀನ್ ಬರುತ್ತಿದೆ. ಚರ್ಮದ ಕೊಲಾಜೆನ್ನನ್ನು ಕತ್ತರಿಸಿ ಹಾಕುವುದರಲ್ಲಿ ಬಿಸಿಲನ್ನು ಮೀರಿಸಿದ್ದಿಲ್ಲ. ಆಸ್ಟ್ರೇಲಿಯಾದಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದಾಗ, ದಿನಾ ಹಚ್ಚಿದವರ ಚರ್ಮ ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇ. 24ರಷ್ಟು ಕಡಿಮೆ ಮುಪ್ಪಾಗಿತ್ತು.

ಇಷ್ಟು ಓದಿಯೂ ಕೊಳ್ಳುತ್ತೇನೆ ಅನ್ನುವವರಿಗೆ, ನಾನೂ ಕೊಳ್ಳುತ್ತಿದ್ದೆ, ಬೈಯುವುದಿಲ್ಲ. ಪುಡಿ ಕೊಳ್ಳಿ, ಗಮ್ಮಿ ಬೇಡ. ಮೀನು ಅಲರ್ಜಿ ಇದ್ದರೆ ಯಾವ ಪ್ರಾಣಿಯದು ಅಂತ ಹಿಂದೆ ಓದಿ. ಸಸ್ಯಾಹಾರಿಗಳೇ, ಸಸ್ಯದಲ್ಲಿ ಕೊಲಾಜೆನ್ ಇರುವುದಿಲ್ಲ. 'ವೀಗನ್ ಕೊಲಾಜೆನ್' ಅಂತ ಮಾರುವ ಡಬ್ಬದಲ್ಲಿ ಸಾಮಾನ್ಯವಾಗಿ ಇರುವುದು ವಿಟಮಿನ್ ಸಿ, ಒಂದಿಷ್ಟು ಅಮಿನೊ ಆಸಿಡ್. ತಿಂಡಿ ಬಿಡಬೇಡಿ, ಪುಡಿಯ ಗ್ರಾಂಗಳನ್ನು ಊಟದ ಪ್ರೋಟೀನ್ ಲೆಕ್ಕಕ್ಕೆ ಸೇರಿಸಬೇಡಿ. ಮತ್ತೆ, ಮೊದಲ ಚಮಚಕ್ಕೂ ಮೊದಲು ಒಂದು ಫೋಟೊ ತೆಗೆದಿಡಿ. ಆರು ತಿಂಗಳಾದ ಮೇಲೆ ಇನ್ನೊಂದು ತೆಗೆದು, ನಿಮ್ಮ ಬಗ್ಗೆ ಮುಲಾಜಿಲ್ಲದವರ ಕೈಗೆ ತಾರೀಕು ಅಳಿಸಿ ಕೊಡಿ.