ವಿದೇಶದಿಂದ ಬಂದವರ ಜ್ವರವನ್ನು ಮಳೆಗಾಲದ ಜ್ವರವೆಂದು ಬಿಡಬೇಡಿ

ಉಗಾಂಡದ ಕಾಫಿ ತೋಟವೊಂದರಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಕಳೆದ ವರ್ಷ ಕೊಡವರ ಆಯುಧಪೂಜೆಯಾದ ಕೈಲ್ ಪೊಳ್ದ್ ಹಬ್ಬಕ್ಕೆಂದು ಆಗಸ್ಟ್ ಮಧ್ಯದಲ್ಲಿಯೇ ಕೊಡಗಿನ ಗೋಣಿಕೊಪ್ಪದ ಬಳಿಯಿರುವ ನಮ್ಮ ಮನೆಗೆ ಬಂದಿದ್ದ. ಬಂದ 12ನೆಯ ದಿನ ಅವನಿಗೆ ಜ್ವರ ಕಾಣಿಸಿಕೊಂಡಿತು. ಹೊರಗೆ ಬಿಡದೆ ಸುರಿಯುವ ಮಳೆ, ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಹಲವರಿಗೆ ಆಗಲೇ ಕೆಮ್ಮು, ಜ್ವರ. ಇದೂ ಅದೇ ಇರಬೇಕೆಂದು ಕಷಾಯ, ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಿದೆವು.

ಮೂರನೆಯ ದಿನ ಹತ್ತಿರದ ಆಸ್ಪತ್ರೆಯಲ್ಲಿ ಟೈಫಾಯ್ಡ್ ಪತ್ತೆಗೆ ಮಾಡುವ ವಿಡಾಲ್ ಎಂಬ ರಕ್ತಪರೀಕ್ಷೆ ಮಾಡಿ, ಟೈಫಾಯ್ಡ್ ಇದ್ದಂತಿದೆ ಎಂದು ಆಂಟಿಬಯಾಟಿಕ್ ಆರಂಭಿಸಿದರು. ಹಿಂದೆಂದೋ ಸೋಂಕು ತಗುಲಿದ್ದವರಲ್ಲಿಯೂ, ಬೇರೆ ಜ್ವರಗಳಲ್ಲಿಯೂ ವಿಡಾಲ್ ಪಾಸಿಟಿವ್ ಬರಬಹುದು, ಟೈಫಾಯ್ಡ್ ಖಚಿತಪಡಿಸಲು ಆಂಟಿಬಯಾಟಿಕ್ ಕೊಡುವ ಮೊದಲೇ ರಕ್ತದ ಕಲ್ಚರ್ (ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಬೇಕು ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಮಲೇರಿಯಾಕ್ಕೆಂದು ರಕ್ತದ ಹನಿಯ ಒಂದೇ ಒಂದು ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಅದರಲ್ಲಿ ಏನೂ ಕಾಣಲಿಲ್ಲ. ಐದನೆಯ ದಿನ ಪ್ಲೇಟ್‌ಲೆಟ್ ಇಳಿದಾಗ ಡೆಂಗಿಯ ಅನುಮಾನ ಬಂತು. ಮಲೇರಿಯಾದಲ್ಲಿಯೂ ಪ್ಲೇಟ್‌ಲೆಟ್ ಇಳಿಯುತ್ತದೆ ಎಂದು ಯಾರೂ ಹೇಳಲಿಲ್ಲ. ತಮ್ಮ ಎಲ್ಲಿಂದ ಬಂದಿದ್ದಾನೆ ಎಂದು ಅಲ್ಲಿ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಹಳದಿ ಜ್ವರದ ಲಸಿಕೆಯ ಕಾರ್ಡು ಅವನ ಪಾಸ್‌ಪೋರ್ಟಿನೊಳಗೇ ಇತ್ತಾದ್ದರಿಂದ ಅಲ್ಲಿನ ರೋಗಗಳ ಭಯವಿಲ್ಲವೆಂದೇ ಅಮ್ಮ ನಂಬಿದ್ದರು, ನಾನೂ ನಂಬಿದ್ದೆ. ಆ ಲಸಿಕೆ ಹಳದಿ ಜ್ವರವೊಂದನ್ನೇ ತಡೆಯುತ್ತದೆ.

ಸೆಪ್ಟೆಂಬರ್ 3, ಹಬ್ಬದ ದಿನ. ಪ್ರತಿ ವರ್ಷ ಪೂಜೆಯ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುವವನು ಅವನೇ. ಆ ದಿನ ಹೂವನ್ನು ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತಿದ್ದವನ ಕಣ್ಣಿನ ಬಿಳಿ ಹಳದಿಯಾಗಿತ್ತು, ಮೂತ್ರ ಹಾಲಿಲ್ಲದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಆದರೂ ಇನ್ನೆರಡು ದಿನ ಆಂಟಿಬಯಾಟಿಕ್ ಮುಗಿಯಲಿ ಎಂದು ಕಾದೆವು. ಒಂಬತ್ತನೆಯ ದಿನ ಅವನು ಅಸಂಬದ್ಧವಾಗಿ ಮಾತನಾಡತೊಡಗಿದಾಗ ಮೈಸೂರಿಗೆ ಕರೆದೊಯ್ದೆವು.

ಅಲ್ಲಿನ ವೈದ್ಯರು ಸ್ಟೆತಸ್ಕೋಪ್ ಇಡುವ ಮೊದಲೇ, “ಕಳೆದ ಮೂರು ತಿಂಗಳಲ್ಲಿ ಇವರು ಎಲ್ಲೆಲ್ಲಿ ಇದ್ದರು?” ಎಂದು ಕೇಳಿದರು. ಉಗಾಂಡ ಎಂದೆ. ಮತ್ತೆ ಸ್ಲೈಡ್ ಮಾಡಿಸಿದರು. ಒಂದು ಗಂಟೆಯೊಳಗೆ ಮಲೇರಿಯಾಗಳಲ್ಲಿ ಅತಿ ಅಪಾಯಕಾರಿಯಾದ ಫಾಲ್ಸಿಪಾರಂ ಮಲೇರಿಯಾ ಎಂದು ಖಚಿತವಾಯಿತು. ಈ ಪರೋಪಜೀವಿ ಒಳಾಂಗಗಳ ಸಣ್ಣ ರಕ್ತನಾಳಗಳಿಗೆ ಅಂಟಿಕೊಂಡು ಅಡಗುವುದರಿಂದ ಬೆರಳಿನ ರಕ್ತದಲ್ಲಿ ಕೆಲವೊಮ್ಮೆ ಸಿಗುವುದಿಲ್ಲ, ಹಾಗಾಗಿ ಮೊದಲ ಸ್ಲೈಡ್ ನೆಗೆಟಿವ್ ಬಂದರೂ 12ರಿಂದ 24 ಗಂಟೆಗಳ ಅಂತರದಲ್ಲಿ ಒಟ್ಟು ಮೂರು ಬಾರಿಯಾದರೂ ಪರೀಕ್ಷಿಸಬೇಕು ಎಂದು ಅವರು ವಿವರಿಸಿದರು. ದಿನ ಬಿಟ್ಟು ದಿನ ನಡುಕ ಬಂದರೆ ಮಾತ್ರ ಮಲೇರಿಯಾ ಎಂಬ ನಮ್ಮ ತಿಳಿವಳಿಕೆಯೂ ತಪ್ಪಾಗಿತ್ತು. ಇದರಲ್ಲಿ ಜ್ವರಕ್ಕೆ ಅಂಥ ಲೆಕ್ಕವಿರಬೇಕೆಂದಿಲ್ಲ. ತಮ್ಮ ಉಗಾಂಡದಲ್ಲಿ ಮಲೇರಿಯಾ ಬಾರದಂತೆ ಮುನ್ನೆಚ್ಚರಿಕೆಗೆ ನುಂಗುತ್ತಿದ್ದ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಊರಿಗೆ ಬಂದ ದಿನವೇ ನಿಲ್ಲಿಸಿದ್ದ. ಮರಳಿದ ನಂತರವೂ ನಾಲ್ಕು ವಾರ ಅದನ್ನು ಮುಂದುವರಿಸಬೇಕಿತ್ತು.

ತೀವ್ರ ಮಲೇರಿಯಾಕ್ಕೆ ಕೊಡುವ ಆರ್ಟಿಸುನೇಟ್ ಚುಚ್ಚುಮದ್ದು ಕೊಟ್ಟು ಐಸಿಯುವಿನಲ್ಲಿ ನಾಲ್ಕು ದಿನ ಇಟ್ಟರು. ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು, ಪುಣ್ಯಕ್ಕೆ ಚೇತರಿಸಿಕೊಂಡಿತು.

ನಮ್ಮ ಜಿಲ್ಲೆಯಿಂದ ಹೊರದೇಶಗಳಿಗೆ ದುಡಿಯಲು ಹೋದವರು ಎಷ್ಟೋ ಮನೆಗಳಲ್ಲಿದ್ದಾರೆ. ಅವರು ಮರಳಿ ಬಂದು ಜ್ವರ ಹಿಡಿದರೆ, ಹೋಗಿದ್ದ ದೇಶ, ಹೊರಟ ದಿನ, ಬಂದ ದಿನ, ನುಂಗಿದ ಮಾತ್ರೆ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು, ವೈದ್ಯರು ಕೇಳದಿದ್ದರೂ ಮೊದಲು ಅದನ್ನೇ ಅವರ ಕೈಗೆ ಕೊಡಿ, ಮಲೇರಿಯಾ ಪರೀಕ್ಷೆಯನ್ನು ಅದೇ ದಿನ ಮಾಡಿಸಿ. ಬಂದು ತಿಂಗಳುಗಳಾದರೂ ಇದನ್ನು ಹೇಳಲೇಬೇಕು, ಏಕೆಂದರೆ ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ ಯಕೃತ್ತಿನಲ್ಲಿ ಅಡಗಿದ್ದು ಬಹಳ ಕಾಲದ ನಂತರವೂ ಮರುಕಳಿಸಬಲ್ಲದು. ಆರ್ಟಿಸುನೇಟ್ ಪಡೆದವರಲ್ಲಿ ಕೆಲವರಿಗೆ ವಾರಗಳ ನಂತರ ಕೆಂಪು ರಕ್ತಕಣಗಳು ಒಡೆಯುವುದರಿಂದ, ಮನೆಗೆ ಬಂದ ಮೇಲೂ ನಾಲ್ಕು ವಾರ, ವಾರಕ್ಕೊಮ್ಮೆ ತಮ್ಮನ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದೆವು.