650 ರೂಪಾಯಿಯ ಹಾರ್ಟ್ ಡಬ್ಬಿ ಮತ್ತು ಒಂದು ಸಣ್ಣ ಬಾರ್

ಹೋದ ವರ್ಷ ಫೆಬ್ರವರಿ 14ಕ್ಕೆ ಮುಂಬೈಯ ದಾದರ್ ಸ್ಟೇಷನ್ ಹತ್ತಿರದ ಒಂದು ಅಂಗಡಿಯಿಂದ ಹೆಂಡತಿಗೆ ಅಂತ ಚಾಕೊಲೇಟ್ ಡಬ್ಬಿ ತಂದಿದ್ದೆ. ಕೆಂಪು ಮಖ್ಮಲ್ ಮುಚ್ಚಳ, ರಿಬ್ಬನ್ನು, ಒಳಗೆ ಚಿನ್ನದ ಬಣ್ಣದ ಹಾಳೆಯಲ್ಲಿ ಸುತ್ತಿದ 12 ತುಂಡು, 650 ರೂಪಾಯಿ. ಸಂಜೆಯ ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಅದು ಜಜ್ಜಿ ಹೋಗಬಾರದು ಅಂತ ಎದೆಗೆ ಒತ್ತಿ ಹಿಡಿದುಕೊಂಡೇ ಬಂದೆ.

ಮನೆಯಲ್ಲಿ ಬಿಚ್ಚಿ ತಿಂದರೆ ಮೇಣ ಜಗಿದ ಹಾಗೆ. ಸಿಹಿ ಜಾಸ್ತಿ, ಚಾಕೊಲೇಟ್ ಘಮ ಇಲ್ಲವೇ ಇಲ್ಲ, ನುಂಗಿದ ಮೇಲೂ ಅಂಗುಳಕ್ಕೆ ಜಿಡ್ಡು ಅಂಟಿಕೊಂಡೇ ಇತ್ತು. ಅವಳು ಎರಡು ತುಂಡು ತಿಂದು, "ಚೆನ್ನಾಗಿದೆ ರೀ, ಉಳಿದದ್ದು ನಾಳೆ ತಿನ್ನೋಣ" ಅಂದಳು. ಆ ನಾಳೆ ಬರಲೇ ಇಲ್ಲ.

ಆಮೇಲೆ ಡಬ್ಬಿಯ ತಳ ನೋಡಿದೆ. ಸಣ್ಣ ಅಕ್ಷರದಲ್ಲಿ ಸಕ್ಕರೆ, ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್, ಮೂರನೆಯದಾಗಿ ಕೋಕೋ ಪುಡಿ. ಕೋಕೋ ಬಟರ್, ಅಂದರೆ ಕೋಕೋ ಬೀಜದ್ದೇ ಕೊಬ್ಬು, ಅದರ ಹೆಸರೇ ಇರಲಿಲ್ಲ. ಇದಕ್ಕೆ ಬೇಕರಿಯವರು ಕಾಂಪೌಂಡ್ ಅಂತಾರೆ. ಕೋಕೋ ಬಟರ್ ಸುಮಾರು 34 ಡಿಗ್ರಿಗೆ ಕರಗುತ್ತದೆ, ನಮ್ಮ ಬಾಯಿ ಅದಕ್ಕಿಂತ ಸ್ವಲ್ಪ ಬಿಸಿ. ಅದಕ್ಕೇ ಒಳ್ಳೆ ಚಾಕೊಲೇಟ್ ಮುರಿಯುವಾಗ ಟಕ್ ಅನ್ನುತ್ತೆ, ನಾಲಿಗೆ ಮೇಲೆ ಇಟ್ಟರೆ ತಾನಾಗಿ ಕರಗುತ್ತೆ. ಬೇರೆ ಕೊಬ್ಬು ಹಾಕಿದರೆ ಆ ಸುಖ ಇಲ್ಲ. ಅದು ಅಗ್ಗ, ಅಚ್ಚಿಗೆ ಹಾಕೋದೂ ಸುಲಭ, ಹಾಗಾಗಿ ಮಾಡುವವರಿಗೆ ಅನುಕೂಲ. ಮಾರಲಿ, ತಪ್ಪಿಲ್ಲ. ಆದರೆ ಮಖ್ಮಲ್ ಮುಚ್ಚಳ ಹಾಕಿ ಈ ಬೆಲೆ ತಗೊಂಡು, ಪ್ರೀತಿಯಿಂದ ಕೊಡೋ ಉಡುಗೊರೆ ಅಂತ ಮಾರಿದಾಗ ನನಗೆ ನಿಜವಾಗಿ ಬೇಜಾರಾಯಿತು.

ಬೇಜಾರಿಗೆ ಇನ್ನೊಂದು ಕಾರಣವೂ ಇದೆ. ನಾನು ಪುತ್ತೂರಿನ ಕಡೆಯವನು. ನಮ್ಮ ಅಡಿಕೆ ತೋಟದ ನೆರಳಿನಲ್ಲೇ ಕೋಕೋ ಗಿಡಗಳು. ಹಳದಿಯಾದ ಕಾಯಿಯನ್ನು ಕಲ್ಲಿಗೆ ಬಡಿದು ಒಡೆದರೆ ಒಳಗೆ ಬೀಜಗಳಿಗೆ ಬಿಳಿ ತಿರುಳು ಸುತ್ತಿಕೊಂಡಿರುತ್ತೆ, ಹುಳಿ ಸಿಹಿ. ಚೀಪಿ ಬೀಜ ಉಗಿಯಬೇಕು, ಕಚ್ಚಿದರೆ ಕಹಿ, ಒಳಗೆ ನೇರಳೆ ಬಣ್ಣ. ನಾವು ಉಗಿದ ಬೀಜವನ್ನೂ ಅಜ್ಜಿ ಬಿಡದೆ ಆರಿಸಿ ಬುಟ್ಟಿಗೆ ಹಾಕುತ್ತಿದ್ದರು. ಆ ಹಸಿ ಬೀಜವನ್ನು ಕೆಲವು ದಿನ ರಾಶಿ ಹಾಕಿ ಹುಳಿ ಬರಿಸಿ, ಒಣಗಿಸಿ, ಹುರಿದ ಮೇಲೇ ಚಾಕೊಲೇಟ್ ವಾಸನೆ ಬರೋದು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದವರು 1986ರಲ್ಲಿ ನಮ್ಮ ಪುತ್ತೂರಿನಲ್ಲೇ ಚಾಕೊಲೇಟ್ ಕಾರ್ಖಾನೆ ಶುರು ಮಾಡಿದರು. ಇಷ್ಟೆಲ್ಲ ನೋಡಿ ಬೆಳೆದವನು ನಾನು, ಹೆಂಡತಿಗೆ ಕೊಟ್ಟ ಚಾಕೊಲೇಟ್‌ನಲ್ಲಿ ಕೋಕೋನೇ ಕಮ್ಮಿ ಅಂದ್ರೆ ಹೇಗಾಗಬೇಡ?

ಈ ವರ್ಷ ಡಬ್ಬಿ ಗಿಬ್ಬಿ ಬೇಡ ಅಂತ ಕೊಚ್ಚಿಯ ಪಾಲ್ ಆಂಡ್ ಮೈಕ್ ಕಂಪನಿಯ ಒಂದು ಬಾರ್ ತರಿಸಿದೆ. 64 ಪರ್ಸೆಂಟ್ ಕೋಕೋ ಇರೋ ಡಾರ್ಕ್ ಚಾಕೊಲೇಟ್, ಅದರಲ್ಲಿ ಸಿಚುವಾನ್ ಪೆಪ್ಪರ್ ಮತ್ತು ಕಿತ್ತಳೆ ಸಿಪ್ಪೆ. ಒಂದೇ ಬಾರ್, ಇಬ್ಬರಿಗೂ.

ಮೊದಲ ತುಂಡಿಗೆ ಅವಳು ಮುಖ ಕಿವುಚಿದಳು, ಹಾಲಿನ ಚಾಕೊಲೇಟ್ ಅಭ್ಯಾಸ ಇದ್ದವರಿಗೆ ಕಹಿ ಅನಿಸುತ್ತೆ, ಇದು ಗೊತ್ತಿರಲಿ. ಕರಗೋಕೆ ಬಿಡು, ಕಚ್ಚಬೇಡ ಅಂದೆ. ಅರ್ಧ ನಿಮಿಷ ಸುಮ್ನೆ ಕೂತಿದ್ದವಳು ಥಟ್ಟನೆ ಕಣ್ಣರಳಿಸಿ, "ರೀ, ಇದು ನಮ್ಮ ಜುಮ್ಮನಕಾಯಿ ಅಲ್ವಾ?" ಅಂದಳು. ಅವಳು ಕುಮಟಾದವಳು, ಬಂಗಡೆ ಸಾರಿಗೆ ಜುಮ್ಮನಕಾಯಿ ಬೀಳದಿದ್ದರೆ ಅವರ ಮನೆಯಲ್ಲಿ ಅದು ಸಾರೇ ಅಲ್ಲ. ಇಲ್ಲಿನ ಮರಾಠಿಯವರು ತಿರ್ಫಳ ಅಂತಾರಲ್ಲ, ಅದೇ. ಸಿಚುವಾನ್ ಪೆಪ್ಪರ್ ಅದರ ಹತ್ತಿರದ ಸಂಬಂಧಿ, ನಾಲಿಗೆ ತುದಿ ಜುಮ್ಮೆನ್ನುವ ಗುಣ ಎರಡಕ್ಕೂ ಇದೆ. ಆಮೇಲೆ ಅವಳು ಅಮ್ಮನ ಅಡುಗೆ, ಮಳೆಗಾಲ, ಮೀನು ಮಾರೋಕೆ ಬರುತ್ತಿದ್ದ ಅಕ್ಕ ಅಂತ ಶುರು ಮಾಡಿ ಹನ್ನೊಂದು ಗಂಟೆಯವರೆಗೆ ಮಾತಾಡಿದಳು. ಮದುವೆಯಾಗಿ ಐದು ವರ್ಷದಲ್ಲಿ ನಾನು ಕೇಳದ ಕತೆಗಳೂ ಅದರಲ್ಲಿ ಇದ್ದವು. ಈ ಬಾರ್‌ಗೆ ನಾನು ಪೂರ್ತಿ ಅಂಕ ಕೊಡೋದು ಅದಕ್ಕೇ.

ಒಂದೇ ಕೊರತೆ, ಗಿಫ್ಟ್ ಅಂತ ಕೈಗೆ ಕೊಡೋಕೆ ಒಂದು ಬಾರ್ ಬಹಳ ಸಣ್ಣದಾಗಿ ಕಾಣುತ್ತೆ.

ಮುಂಬೈಯಲ್ಲಿ ಇರೋರಿಗೆ ಒಂದು ಮಾತು. ಇಲ್ಲಿ ಫೆಬ್ರವರಿಯಲ್ಲೂ ಮಧ್ಯಾಹ್ನ 30 ಡಿಗ್ರಿ ದಾಟುತ್ತೆ, ಲೋಕಲ್ ಒಳಗಂತೂ ಕೇಳೋದೇ ಬೇಡ. ಕರಗಿ ಮತ್ತೆ ಗಟ್ಟಿಯಾದರೆ ಮೇಲೆ ಬೂದಿ ಹಚ್ಚಿದ ಹಾಗೆ ಬಿಳಿ ಬರುತ್ತೆ. ಅದು ಬೂಷ್ಟಲ್ಲ, ಕೋಕೋ ಬಟರ್ ಮೇಲೆ ಬಂದಿರೋದು, ತಿನ್ನಬಹುದು, ಆದರೆ ಕೊಡೋಕೆ ಚಂದ ಇರಲ್ಲ. ಫ್ರಿಜ್‌ನಲ್ಲಿ ಇಡಲೇಬೇಕಾದರೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ, ಇಲ್ಲದಿದ್ದರೆ ನಿನ್ನೆಯ ಹುಳಿಯ ವಾಸನೆ ಹೀರಿಕೊಳ್ಳುತ್ತೆ. ಹೊರಗೆ ತೆಗೆದ ತಕ್ಷಣ ಮುಚ್ಚಳ ತೆರೆಯಬೇಡಿ, ಅರ್ಧ ಗಂಟೆ ಬಿಡಿ, ಇಲ್ಲಾಂದ್ರೆ ನೀರು ಕೂರುತ್ತೆ. ಹಾಲಿನ ಚಾಕೊಲೇಟೇ ಇಷ್ಟ ಅನ್ನೋರಿಗೆ ಅದನ್ನೇ ಕೊಡಿ, ಸಾಮಗ್ರಿ ಪಟ್ಟಿಯಲ್ಲಿ ಕೋಕೋ ಬಟರ್ ಇದೆಯಾ ಅಂತ ಮಾತ್ರ ನೋಡಿ.

ಹಾರ್ಟ್ ಆಕಾರದ ಡಬ್ಬಿಯನ್ನು ಬಳಕೆಗೆ ತಂದವರು ಇಂಗ್ಲೆಂಡಿನ ರಿಚರ್ಡ್ ಕ್ಯಾಡ್ಬರಿ, 1860ರ ದಶಕದಲ್ಲಿ. ಚಾಕೊಲೇಟ್ ಮುಗಿದ ಮೇಲೆ ಜನ ಅದರಲ್ಲಿ ಪ್ರೇಮಪತ್ರ ಇಟ್ಟುಕೊಳ್ಳುತ್ತಿದ್ದರಂತೆ. ನಮ್ಮ ಹೋದ ವರ್ಷದ ಕೆಂಪು ಡಬ್ಬಿ ಎಲ್ಲಿ ಹೋಯಿತೋ ಅಂದುಕೊಂಡಿದ್ದೆ. ಮೊನ್ನೆ ಕಪಾಟಿನಲ್ಲಿ ಸಿಕ್ಕಿತು. ಅದರ ತುಂಬ ಅವಳ ಹೇರ್‌ಪಿನ್ನು, ಮೇಲುಗಡೆ ಈ ವರ್ಷದ ಬಾರ್‌ನ ಕಾಗದ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಳು.